‘ಬಹುದು’ ಅಂತ ಯಾಕೆ ಹೇಳಲಿಲ್ಲ?

ಹೋದ ವರ್ಷ ರಾಗಿ ಒಕ್ಕಣೆ ಮುಗಿದ ಮೇಲೆ ನಮ್ಮ ದೊಡ್ಡಪ್ಪ ಎರಡು ಸೀಮೆಹಸು ಮಾರಿದರು. ತಲೆಗೆ ಮ್ಯಾಗ್ನೆಟ್ ಇಡಿಸಿಕೊಳ್ಳಬೇಕಿತ್ತು. ದೊಡ್ಡಬಳ್ಳಾಪುರ ತಾಲೂಕಿನ ಸಾಸಲಿನಲ್ಲಿ ಹಸು ಮಾರುವುದೆಂದರೆ ತಿಂಗಳ ಸಂಬಳ ಮಾರಿದ ಹಾಗೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಏಳು ವರ್ಷವಾಗಿತ್ತು. ಮೊದಲು ಬಲಗೈ ಹೆಬ್ಬೆರಳು ತೋರುಬೆರಳಿಗೆ ತಾನಾಗಿ ಉಜ್ಜಿಕೊಳ್ಳುತ್ತಿತ್ತು, ಬೀಡಿ ಸುತ್ತುವವರ ಹಾಗೆ. ಆಮೇಲೆ ಹೆಜ್ಜೆ ಚಿಕ್ಕದಾಯಿತು, ದನಿ ತಗ್ಗಿತು, ಬಾಗಿಲ ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಳ್ಳತೊಡಗಿತು.

ಬೆಂಗಳೂರಿನ ಆ ಖಾಸಗಿ ಕ್ಲಿನಿಕ್ಕಿನಲ್ಲಿ ಆರು ಪುಟದ ಒಪ್ಪಿಗೆ ಪತ್ರ ಕೊಟ್ಟರು. ಪೂರ್ತಿ ಇಂಗ್ಲಿಷ್. ದೊಡ್ಡಪ್ಪ ಅದನ್ನು ನನ್ನ ಕಡೆ ತಳ್ಳಿ, "ನೀನು ಓದಿದೋನು, ಏನು ಬರ್ದವ್ರೆ ನೋಡಪ್ಪ, ವಾಸಿ ಆಯ್ತದಂತಾ?" ಅಂದರು. ನಾನು ಓದಿದೆ. ಚಲನೆಯ ತೊಂದರೆಗಳು ಕೆಲವರಲ್ಲಿ ಸ್ವಲ್ಪ ಮಟ್ಟಿಗೆ, ಸ್ವಲ್ಪ ಕಾಲ ಕಡಿಮೆಯಾಗಬಹುದು, ಆಗದೆಯೂ ಇರಬಹುದು ಎಂಬರ್ಥದ ಒಂದು ಸಾಲು ನಾಲ್ಕನೇ ಪುಟದಲ್ಲಿತ್ತು. ಅವರ ಮುಖ ನೋಡಿದೆ. "ಕಮ್ಮಿ ಆಗುತ್ತಂತೆ ದೊಡ್ಡಪ್ಪ" ಅಂದುಬಿಟ್ಟೆ.

ಅವರು ಸಹಿ ಹಾಕಿದರು. ಈ ಕಾಯಿಲೆಯಲ್ಲಿ ಅಕ್ಷರ ಕುಗ್ಗುತ್ತಾ ಹೋಗುತ್ತದೆ. ಅವರ ಸಹಿ ಒಂದು ಇರುವೆಸಾಲಿನಷ್ಟಾಗಿತ್ತು. ಕೌಂಟರಿನ ಹುಡುಗಿ ಗುರುತಿನ ಚೀಟಿಯ ಪ್ರತಿಯ ಜೊತೆ ಹೋಲಿಸಿ, "ಸೈನ್ ಮ್ಯಾಚ್ ಆಗ್ತಿಲ್ಲ, ಹೆಬ್ಬೆಟ್ಟು ಹಾಕಿಸಿ ಸಾರ್" ಅಂದಳು. ಹಾಲಿನ ಡೇರಿಯಲ್ಲಿ ಹತ್ತೊಂಬತ್ತು ವರ್ಷ ಸೆಕ್ರೆಟರಿಯಾಗಿ ಲೆಕ್ಕ ಬರೆದ ಮನುಷ್ಯ ಹೆಬ್ಬೆಟ್ಟು ಒತ್ತಿದರು.

ಅವತ್ತು ನಾನು ನುಂಗಿದ ‘ಬಹುದು’ ಎಂಬ ಮಾತಿನ ಲೆಕ್ಕ ಒಪ್ಪಿಸಲು ಇದನ್ನು ಬರೆಯುತ್ತಿದ್ದೇನೆ. ಆದರೆ ಅದನ್ನು ನುಂಗಿದವನು ನಾನೊಬ್ಬನೇ ಅಲ್ಲ. ಆ ಕ್ಲಿನಿಕ್ಕಿನ ಕರಪತ್ರ ಕನ್ನಡದಲ್ಲೇ ಇತ್ತು, ಬಣ್ಣ ಬಣ್ಣದ್ದು: ಆಪರೇಷನ್ ಇಲ್ಲ, ನೋವಿಲ್ಲ, ಮಾತ್ರೆಯ ಕಾಟವಿಲ್ಲ. ಭರವಸೆ ಕೊಡುವಾಗ ಕನ್ನಡ, ಅನುಮಾನ ಹೇಳುವಾಗ ಇಂಗ್ಲಿಷ್. ನನ್ನ ಜಗಳ ಇರುವುದು ಇದರ ಜೊತೆ. ಕಾಂತೀಯ ಪ್ರಚೋದನೆ ಮೋಸ ಎಂದು ನಾನು ಹೇಳುತ್ತಿಲ್ಲ. ಅದು ಇನ್ನೂ ಪೂರ್ತಿ ಹಣ್ಣಾಗದ ವಿಜ್ಞಾನ. ಕಾಯನ್ನು ಹಣ್ಣೆಂದು ಮಾರುವುದು ಮೋಸ ಎಂದು ಹೇಳುತ್ತಿದ್ದೇನೆ.

ಮೊದಲು ಯಂತ್ರ ಏನೆಂದು ನೋಡೋಣ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದನ್ನು ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ: ಬದಲಾಗುವ ಕಾಂತಕ್ಷೇತ್ರ ವಾಹಕದಲ್ಲಿ ವಿದ್ಯುತ್ತು ಹುಟ್ಟಿಸುತ್ತದೆ. ಮಿದುಳೂ ಒಂದು ವಾಹಕವೇ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಾಮ್ರದ ತಂತಿಸುರುಳಿ ಹಿಡಿದು ಕ್ಷಣಮಾತ್ರದ ಬಲವಾದ ಕರೆಂಟು ಹರಿಸಿದರು. ಬುರುಡೆ ಕೊರೆಯದೆ, ಚರ್ಮ ಸುಡದೆ, ಕೈಬೆರಳು ಜಿಗಿಯಿತು. ಇದೇ ಬಡಿತವನ್ನು ಲಯಬದ್ಧವಾಗಿ ನೂರಾರು ಸಲ ಕೊಟ್ಟರೆ, ಬಡಿತ ನಿಂತ ಮೇಲೂ ಮಿದುಳಿನ ಆ ಭಾಗದ ಚಟುವಟಿಕೆ ಸ್ವಲ್ಪ ಹೊತ್ತು ಬದಲಾಗಿಯೇ ಇರುತ್ತದೆ. ಚಿಕಿತ್ಸೆಯ ಆಸೆ ಹುಟ್ಟಿದ್ದು ಇಲ್ಲಿಂದ. ಖಿನ್ನತೆಗೆ ಇದನ್ನು ಬಳಸಲು ಅಮೆರಿಕದ ಎಫ್‌ಡಿಎ 2008ರಲ್ಲಿ ಒಪ್ಪಿಗೆ ಕೊಟ್ಟಿತು, ಗೀಳುರೋಗಕ್ಕೆ 2018ರಲ್ಲಿ. ನಮ್ಮ ನಿಮ್ಹಾನ್ಸ್‌ನಲ್ಲೂ ಮನೋರೋಗಗಳಿಗೆ ಇದರ ಬಳಕೆ ಮತ್ತು ಸಂಶೋಧನೆ ವರ್ಷಗಳಿಂದ ನಡೆದಿದೆ.

ಪಾರ್ಕಿನ್ಸನ್ ಕಾಯಿಲೆಯ ತೊಡಕು ಬೇರೆ. ಅಲ್ಲಿ ಸಾಯುವುದು ನಡುಮಿದುಳಿನ ಆಳದಲ್ಲಿರುವ ಕಪ್ಪುಬಣ್ಣದ ಪುಟ್ಟ ಜಾಗದ ಜೀವಕೋಶಗಳು. ಡೋಪಮೈನ್ ಎಂಬ ರಾಸಾಯನಿಕ ಒದಗಿಸುವುದು ಅವುಗಳ ಕೆಲಸ. ತಲೆಯ ಮೇಲಿಟ್ಟ ಸಾಮಾನ್ಯ ಸುರುಳಿಯ ಪ್ರಭಾವ ಮೇಲ್ಪದರದ ಎರಡು ಮೂರು ಸೆಂಟಿಮೀಟರ್ ದಾಟುವುದು ಕಷ್ಟ. ಅಂದರೆ ಕಾಯಿಲೆ ಇರುವ ಕೋಣೆಗೆ ಈ ಯಂತ್ರ ಕಾಲಿಡುವುದಿಲ್ಲ. ಹೊರಗಿನ ಪಡಸಾಲೆಯಲ್ಲಿ ನಿಂತು ಒಳಗಿನವರಿಗೆ ಕೇಳಿಸೀತು ಎಂದು ಕೂಗುತ್ತದೆ. ಚಲನೆಯ ಜಾಲದಲ್ಲಿ ಮೇಲ್ಪದರವೂ ಒಂದು ಕೊಂಡಿಯಾದ್ದರಿಂದ ಕೂಗು ಕೇಳಿಸಲೂಬಹುದು. ಆದರೆ ಸತ್ತ ಕೋಶ ಬದುಕುವುದಿಲ್ಲ, ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ ಎಂಬುದಕ್ಕೂ ಆಧಾರವಿಲ್ಲ. ಇದನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ತಂಡ 1987ರಲ್ಲಿ ಶುರುಮಾಡಿದ ಆಳಮಿದುಳಿನ ಪ್ರಚೋದನೆಯ ಜೊತೆಗೂ ಬೆರೆಸಬಾರದು. ಅದರಲ್ಲಿ ಬುರುಡೆ ಕೊರೆದು ಎಲೆಕ್ಟ್ರೋಡನ್ನು ಜಾಗಕ್ಕೇ ಇಳಿಸುತ್ತಾರೆ. ಅದು ಅನುಮೋದಿತ ಚಿಕಿತ್ಸೆ, ಲಕ್ಷಾಂತರ ರೂಪಾಯಿಯ ಚಿಕಿತ್ಸೆ. ಕರಪತ್ರದವರು ಅದರ ಗೌರವವನ್ನು ಇದಕ್ಕೆ ಎರವಲು ತರುತ್ತಾರೆ.

ಹಾಗಾದರೆ ಪುರಾವೆ ಇಲ್ಲವೇ? ಇದೆ. ಅದನ್ನು ಮುಚ್ಚಿಡುವುದು ನನ್ನ ವಾದಕ್ಕೆ ಅನುಕೂಲ, ಆದರೂ ಮುಚ್ಚಿಡುವುದಿಲ್ಲ. 2013ರಲ್ಲಿ ಜಪಾನಿನ ಸಂಶೋಧಕರು 106 ರೋಗಿಗಳನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ಸೆಕೆಂಡಿಗೆ ಒಂದು ಬಡಿತ, ಇನ್ನೊಂದಕ್ಕೆ ಹತ್ತು, ಮತ್ತೊಂದಕ್ಕೆ ಬರೀ ನಟನೆ. ವಾರಕ್ಕೊಮ್ಮೆಯಂತೆ ಎಂಟು ವಾರ. ಇಪ್ಪತ್ತನೇ ವಾರದಲ್ಲಿ ನೋಡಿದಾಗ, ಒಂದು ಬಡಿತದ ಗುಂಪಿನಲ್ಲಿ 108 ಅಂಕಗಳ ಚಲನೆಯ ಅಳತೆಪಟ್ಟಿಯಲ್ಲಿ ಸುಮಾರು 7 ಅಂಕದ ಸುಧಾರಣೆ ಇತ್ತು. 2016ರಲ್ಲಿ ಉತ್ತರ ಅಮೆರಿಕದ ಹಲವು ಕೇಂದ್ರಗಳು ಸೇರಿ 61 ರೋಗಿಗಳಲ್ಲಿ ಹತ್ತು ದಿನದ ಚಿಕಿತ್ಸೆ ಪರೀಕ್ಷಿಸಿದವು. ಚಲನೆಯ ಪಟ್ಟೆಗೆ ಬಡಿತ ಕೊಟ್ಟವರಲ್ಲಿ ಚಲನೆ ಸುಧಾರಿಸಿತು, ಮನಸ್ಸಿನ ಬೇಸರ ನಟನೆಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಎರಡು ಜಾಗಕ್ಕೆ ಒಟ್ಟಿಗೆ ಕೊಟ್ಟರೆ ಡಬಲ್ ಲಾಭ ಎಂಬ ಊಹೆ ಕೈಕೊಟ್ಟಿತು. 2020ರಲ್ಲಿ ಯುರೋಪಿನ ತಜ್ಞರ ತಂಡವೊಂದು ಎಲ್ಲ ಅಧ್ಯಯನಗಳನ್ನು ತೂಗಿ, ಎರಡೂ ಬದಿಯ ಚಲನೆಯ ಪಟ್ಟೆಗೆ ವೇಗದ ಬಡಿತ ಕೊಡುವುದು ಪಾರ್ಕಿನ್ಸನ್ ಚಲನೆಯ ತೊಂದರೆಗೆ ‘ಬಹುಶಃ ಪರಿಣಾಮಕಾರಿ’ ಎಂದಿತು. ‘ಖಚಿತ’ ಎಂಬ ಮೇಲಿನ ಮೆಟ್ಟಿಲಿಗೆ ಏರಿಸಲಿಲ್ಲ.

ಈ ವಿವರಗಳನ್ನು ಬೇಕೆಂದೇ ಹೇಳಿದೆ. ಜಪಾನಿನಲ್ಲಿ ಕೆಲಸ ಮಾಡಿದ್ದು ಒಂದು ಜಾಗಕ್ಕೆ ನಿಧಾನದ ಬಡಿತ. ಯುರೋಪಿನವರು ಮೇಲೆಂದಿದ್ದು ಇನ್ನೊಂದು ಜಾಗಕ್ಕೆ ವೇಗದ ಬಡಿತ. ಅಂದಮೇಲೆ ‘ಮ್ಯಾಗ್ನೆಟ್ ಚಿಕಿತ್ಸೆ’ ಎಂಬ ಒಂದು ವಸ್ತುವೇ ಇಲ್ಲ. ಯಾವ ಜಾಗ, ಎಷ್ಟು ವೇಗ, ಎಷ್ಟು ಬಡಿತ, ಎಷ್ಟು ದಿನ, ಮಾತ್ರೆಯ ಪ್ರಭಾವ ಇರುವಾಗಲೋ ಇಳಿದಾಗಲೋ, ಇವೆಲ್ಲ ಸೇರಿದರೆ ಮಾತ್ರ ಅದೊಂದು ಚಿಕಿತ್ಸೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಎಂದು ಹೇಳದೆ ‘ಮಾತ್ರೆ ಕೊಟ್ಟೆವು’ ಎಂದರೆ ಒಪ್ಪುತ್ತೇವಾ? ದೊಡ್ಡಪ್ಪನ ರಸೀದಿಯಲ್ಲಿದ್ದದ್ದು ‘ಬ್ರೇನ್ ಸ್ಟಿಮ್ಯುಲೇಷನ್ ಪ್ಯಾಕೇಜ್, 20 ಸಿಟ್ಟಿಂಗ್’ ಎಂದಷ್ಟೆ. ಜಾಗ, ವೇಗ ಕೇಳಿದ್ದಕ್ಕೆ ಅಲ್ಲಿನ ತಂತ್ರಜ್ಞರು, "ಅದು ಮೆಷಿನ್ನಲ್ಲೇ ಸೆಟ್ ಆಗಿರುತ್ತೆ ಸಾರ್" ಅಂದರು.

ಇಲ್ಲಿ ನನಗೆ ನಾನೇ ಎದುರಾಡಬೇಕು. ದೊಡ್ಡಪ್ಪನಿಗೆ ಗುಣ ಕಂಡಿತು. ಎರಡನೇ ವಾರ ಲೋಟ ಹಿಡಿದು ಚೆಲ್ಲದೆ ಕಾಫಿ ಕುಡಿದರು. ದೊಡ್ಡಮ್ಮ ಫೋನಿನಲ್ಲಿ ಅತ್ತರು. ಹೀಗಿದ್ದ ಮೇಲೆ ನನ್ನ ತಕರಾರೇನು?

ತಕರಾರಿಗೆ ಮೊದಲು ಒಂದು ಕತೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ದೊಡ್ಡ ನರವೈದ್ಯ ಷಾರ್ಕೊ, ಈ ಕಾಯಿಲೆಗೆ ಪಾರ್ಕಿನ್ಸನ್ ಹೆಸರು ಅಂಟಿಸಿದ ಮನುಷ್ಯ, ಒಂದು ವಿಚಿತ್ರ ಗಮನಿಸಿದ. ಗಾಡಿಯಲ್ಲಿ, ರೈಲಿನಲ್ಲಿ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ಹಗುರಾಗಿದ್ದೇವೆ ಎನ್ನುತ್ತಿದ್ದರು. ಆತ 1892ರ ಹೊತ್ತಿಗೆ ಗಡಗಡ ನಡುಗುವ ಒಂದು ಕುರ್ಚಿಯನ್ನೇ ಮಾಡಿಸಿದ. ಕೂತವರಿಗೆ ಹಾಯೆನಿಸಿತು. (ಕುಲುಕಾಟವೇ ಮದ್ದಾಗಿದ್ದರೆ ಸಾಸಲಿಂದ ದೊಡ್ಡಬಳ್ಳಾಪುರದ ಬಸ್ಸಿಗೆ ದಿನಾ ಹತ್ತುವ ನಮ್ಮೂರಿನ ಯಾರಿಗೂ ನರದ ಕಾಯಿಲೆ ಬರಬಾರದಿತ್ತು.) 2012ರಲ್ಲಿ ಚಿಕಾಗೊದ ಸಂಶೋಧಕರು ಷಾರ್ಕೊನ ಯೋಚನೆಯನ್ನು ಹೊಸ ಕುರ್ಚಿಯಲ್ಲಿ ಮತ್ತೆ ಪರೀಕ್ಷೆಗೆ ಒಡ್ಡಿದರು. ಒಂದು ಗುಂಪಿಗೆ ನಡುಕ, ಇನ್ನೊಂದಕ್ಕೆ ನಡುಕವಿಲ್ಲದೆ ಹಿತವಾದ ಶಬ್ದ ಮಾತ್ರ. ಎರಡೂ ಗುಂಪು ಸುಧಾರಿಸಿದವು, ಹೆಚ್ಚುಕಡಿಮೆ ಒಂದೇ ಸಮ.

ಈ ಕಾಯಿಲೆಯಲ್ಲಿ ನಂಬಿಕೆ ಬರೀ ಮನಸ್ಸಿನ ಸಮಾಧಾನವಲ್ಲ. ಸುಳ್ಳು ಔಷಧ ಕೊಟ್ಟರೂ ರೋಗಿಯ ಮಿದುಳಿನಲ್ಲಿ ಡೋಪಮೈನ್ ನಿಜವಾಗಿಯೇ ಬಿಡುಗಡೆಯಾಗುತ್ತದೆ ಎಂದು 2001ರಲ್ಲಿ ಕೆನಡಾದ ಸಂಶೋಧಕರು ಸ್ಕ್ಯಾನಿನಲ್ಲಿ ತೋರಿಸಿದರು. 2006ರಲ್ಲಿ ಇನ್ನೊಂದು ತಂಡ ಇದನ್ನೇ ಕಾಂತದ ನಾಟಕದಲ್ಲಿ ಕಂಡಿತು: ಬಡಿತವೇ ತಲುಪದ ನಕಲಿ ಪ್ರಚೋದನೆಗೂ ಪಾರ್ಕಿನ್ಸನ್ ರೋಗಿಗಳ ಮಿದುಳು ಡೋಪಮೈನ್ ಸುರಿಸಿತು. ಹಸು ಮಾರಿ, ಬಸ್ಸು ಹಿಡಿದು, ಟಕಟಕ ಸದ್ದು ಮಾಡುವ ಯಂತ್ರದ ಕೆಳಗೆ ಕೂತವನ ನಿರೀಕ್ಷೆ ಎಷ್ಟಿರಬೇಡ! ದೊಡ್ಡಪ್ಪನ ಕೈ ನಿಂತದ್ದು ಸುಳ್ಳಲ್ಲ. ಅದನ್ನು ನಿಲ್ಲಿಸಿದ್ದು ಕಾಂತವೋ ಅವರ ನಂಬಿಕೆಯೋ ಎಂದು ಆ ಕ್ಲಿನಿಕ್ಕಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸಕ್ತಿಯೂ ಇಲ್ಲ. ಮೊದಲ ದಿನ ಅಳೆಯಲಿಲ್ಲ, ಕೊನೆಯ ದಿನ ಅಳೆಯಲಿಲ್ಲ. ಲೋಟ ಹಿಡಿದ ವಿಡಿಯೋ ಮಾತ್ರ ತೆಗೆದುಕೊಂಡರು, ಜಾಹೀರಾತಿಗೆ.

"ನಂಬಿಕೆಯಿಂದಲೇ ಆಗಲಿ, ಗುಣವಾದರೆ ನಿನಗೇನು ಕಷ್ಟ?" ನನ್ನ ಸಾಹಿತ್ಯದ ಗೆಳೆಯರು ಈ ಪ್ರಶ್ನೆಯನ್ನು ಬಹಳ ಪ್ರೀತಿಯಿಂದ ಕೇಳುತ್ತಾರೆ. ಅವರಿಗೆ ನಂಬಿಕೆ ಎಂಬುದು ಕಾವ್ಯದ ವಸ್ತು. ಕಷ್ಟ ಏನೆಂದರೆ, ನಂಬಿಕೆಯ ಗುಣ ಅಲ್ಪಾಯು, ಅದಕ್ಕೆ ತೆತ್ತ ಬೆಲೆ ಅಲ್ಲ. ಎರಡು ತಿಂಗಳಲ್ಲಿ ನಡುಕ ಹಿಂದಿರುಗಿತು, ಹಸು ಹಿಂದಿರುಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ‘ಮಾತ್ರೆಯ ಕಾಟವಿಲ್ಲ’ ಎಂಬ ಕರಪತ್ರದ ಮಾತನ್ನು ದೊಡ್ಡಪ್ಪ ನಂಬಿದ್ದರು. ಯಾರಿಗೂ ಹೇಳದೆ ಲೆವೊಡೋಪಾ ಮಾತ್ರೆಯನ್ನು ಮೂರು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಸಿದರು. ಹಾಗೆ ತಾವಾಗಿ ಇಳಿಸುವುದು, ಥಟ್ಟನೆ ನಿಲ್ಲಿಸುವುದು ಅಪಾಯ. ಮೈ ಬಿಗಿದು ಜ್ವರವೇರಿ ಪ್ರಾಣಕ್ಕೂ ಸಂಚಕಾರ ಬರಬಲ್ಲದು. ಅಷ್ಟಾಗಲಿಲ್ಲ. ಕೊಟ್ಟಿಗೆಯಲ್ಲಿ ಕಾಲು ಅಂಟಿಕೊಂಡು ಬಿದ್ದು ಮಣಿಕಟ್ಟು ಮುರಿಯಿತು. ಖಾಲಿ ಕೊಟ್ಟಿಗೆಗೆ ಯಾಕೆ ಹೋಗಿದ್ದೆ ಎಂದು ದೊಡ್ಡಮ್ಮ ಕೇಳಿದರೆ ಉತ್ತರ ಹೇಳಲಿಲ್ಲ.

ಎರಡನೇ ವಾದ ಇನ್ನೂ ಗಟ್ಟಿಯಾದದ್ದು. ವಿಜ್ಞಾನ ಖಚಿತವಾಗುವ ತನಕ ಕಾಯಲು ರೋಗಿಗೆ ಆಯುಸ್ಸು ಎಲ್ಲಿದೆ? ವೈದ್ಯರು ಎಷ್ಟೋ ಔಷಧಗಳನ್ನು ಅನುಮೋದನೆಯ ಆಚೆಗೂ ವಿವೇಚನೆಯಿಂದ ಬಳಸುತ್ತಾರಲ್ಲ? ಒಪ್ಪುತ್ತೇನೆ. ಪಾರ್ಕಿನ್ಸನ್ ರೋಗಿಗೆ ಸಂಶೋಧನೆಯ ಬಾಗಿಲು ಮುಚ್ಚಬೇಕೆಂದು ನಾನು ಹೇಳುವುದಿಲ್ಲ, ಅದನ್ನು ಅಗಲವಾಗಿ ತೆರೆಯಿರಿ ಎನ್ನುತ್ತೇನೆ. ಪ್ರಯೋಗವೆಂದು ಹೇಳಿದರೆ ನಮ್ಮ ಹಳ್ಳಿಯವರು ಹೆದರಿ ಓಡುತ್ತಾರೆ ಎಂಬುದು ಪೇಟೆಯವರ ಕಲ್ಪನೆ. ಹೊಸ ತಳಿಯ ರಾಗಿಯನ್ನು ಅರ್ಧ ಎಕರೆಗೆ ಹಾಕಿ ನೋಡಿ ಉಳಿದದ್ದಕ್ಕೆ ಹಳೆಯದನ್ನೇ ಬಿತ್ತುವ ರೈತನಿಗೆ ಪ್ರಯೋಗವೆಂದರೇನೆಂದು ಗೊತ್ತು. ಆದರೆ ಪ್ರಯೋಗಕ್ಕೆ ನಿಯಮವಿದೆ. ಸಂಶೋಧನೆಗೆ ಸಂಬಂಧಿಸಿದ ಖರ್ಚನ್ನು ಭಾಗವಹಿಸುವವರ ಮೇಲೆ ಹಾಕಬಾರದು ಎನ್ನುತ್ತದೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ. ಹಣ ತೆಗೆದುಕೊಳ್ಳುವಾಗ ‘ಇದು ಚಿಕಿತ್ಸೆ’, ಫಲಿತಾಂಶ ಕೇಳಿದಾಗ ‘ಇದು ಇನ್ನೂ ಹೊಸದು’ ಎಂದು ಎರಡು ನಾಲಿಗೆಯಲ್ಲಿ ಮಾತಾಡುವಂತಿಲ್ಲ.

ಕಾನೂನೂ ಹೊಸದಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರದ್ದು. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಕೂಡದ ಕಾಯಿಲೆಗಳ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳೂ ನರಮಂಡಲದ ತೊಂದರೆಗಳೂ ಇವೆ. ಆ ಕಾಯ್ದೆಯ ‘ಔಷಧ’ದ ವ್ಯಾಖ್ಯೆಯಲ್ಲಿ ಮಾತ್ರೆ, ಲೇಹ್ಯ ಮಾತ್ರವಲ್ಲ, ದೇಹದ ಕ್ರಿಯೆಯ ಮೇಲೆ ಪರಿಣಾಮ ಬೀರಲೆಂದು ಬಳಸುವ ಬೇರೆ ವಸ್ತುಗಳೂ ಸೇರುತ್ತವೆ. ನಾವು ಆ ಕಾಯ್ದೆಯನ್ನು ತಾಯಿತ ಕಟ್ಟುವವರಿಗೆ ಮೀಸಲಿಟ್ಟಿದ್ದೇವೆ.

ಇದೇ ನಮ್ಮ ವಿಚಾರವಾದದ ಹಳೆಯ ಕುರುಡು. ಸಾಸಲಿಗೆ ಪಕ್ಕದ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದರು. ನಾವು ಅವರಿಂದ ಕಲಿತದ್ದು ಅರ್ಧ ಮಾತ್ರ. ಶೂನ್ಯದಿಂದ ವಿಭೂತಿ ಬಂದರೆ ಕೈ ಹಿಡಿದು ಕೇಳುತ್ತೇವೆ. ಬಿಳಿ ಕೋಟು, ಏಸಿ ಕೋಣೆ, ಕಂಪ್ಯೂಟರ್ ಪರದೆಯ ಮೇಲೆ ಮಿನುಗುವ ಮಿದುಳಿನ ಚಿತ್ರ ಇದ್ದರೆ ಕೈಕಟ್ಟಿ ನಿಲ್ಲುತ್ತೇವೆ. ಎಚ್.ಎನ್. ಭೌತಶಾಸ್ತ್ರದ ಮೇಷ್ಟರು, ಕಾಂತದ ಮುಂದೆ ಅವರು ಹಾಗೆ ನಿಲ್ಲುತ್ತಿರಲಿಲ್ಲ. ಇನ್ನೊಂದು ಬಣ ಇದೆ: ಯಂತ್ರವೆಲ್ಲ ಪಶ್ಚಿಮದ ಸಂಚು, ನಸುಗುನ್ನಿ ಕಾಯಿ ತಿಂದರೆ ಸಾಕು ಎನ್ನುವವರು. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ಹಳಿಯುವುದಿಲ್ಲ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆಯೆಂದು 1937ರಲ್ಲಿ ಮದ್ರಾಸಿನಲ್ಲೇ ಬೇರ್ಪಡಿಸಿ ತೋರಿಸಿದರು. ಆದರೆ ಅದನ್ನು ಎಷ್ಟು, ಹೇಗೆ ಕೊಟ್ಟರೆ ರೋಗಿ ಎದ್ದು ನಡೆಯುತ್ತಾನೆ ಎಂದು ಗೊತ್ತಾಗಲು 1957ರಲ್ಲಿ ಕಾರ್ಲ್‌ಸನ್‌ರ ಮೊಲಗಳು, 1967ರಲ್ಲಿ ಕೊಟ್ಜಿಯಾಸ್ ದಿನದಿನಕ್ಕೆ ಏರಿಸಿದ ಪ್ರಮಾಣ, ಅಂದರೆ ಮೂವತ್ತು ವರ್ಷದ ಅಳತೆ ತೂಕ ಬೇಕಾಯಿತು. ಕಾಯಿಯೇ ಆಗಲಿ ಕಾಂತವೇ ಆಗಲಿ, ಅಳತೆಯಿಲ್ಲದೆ ಮದ್ದಾಗುವುದಿಲ್ಲ.

ಆ ಮಾತ್ರೆ ಇವತ್ತು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ದುಬಾರಿಯೂ ಅಲ್ಲ. ಹೀಗಿದ್ದೂ ದೊಡ್ಡಪ್ಪ ಯಂತ್ರದ ಬಾಗಿಲಿಗೆ ಯಾಕೆ ಹೋದರು? ನಿಜವಾಗಿ ಸಿಟ್ಟು ಬರಬೇಕಾದ ಜಾಗ ಇದು. ಏಳು ವರ್ಷದಲ್ಲಿ ಅವರನ್ನು ನರರೋಗ ತಜ್ಞರು ನೋಡಿದ್ದು ಎರಡು ಸಲ. ಈ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಾದರೂ ಮೊದಲು ತೆಗೆದುಕೊಳ್ಳಬೇಕು, ಕಾಳು, ಹಾಲು, ಮೊಟ್ಟೆಯ ಜೊತೆ ನುಂಗಿದರೆ ಅದು ಸರಿಯಾಗಿ ಮಿದುಳು ಮುಟ್ಟದಿರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಡೇರಿಯ ಮನುಷ್ಯ, ದಿನಾ ಹಾಲಿನ ಜೊತೆಯೇ ನುಂಗುತ್ತಿದ್ದರು. ಕಾಲು ಅಂಟಿಕೊಂಡಾಗ ನೆಲದ ಮೇಲೊಂದು ಗೆರೆ ಇದೆಯೆಂದುಕೊಂಡು ದಾಟು ಎಂದು ಹೇಳಿಕೊಡುವ ಫಿಜಿಯೋಥೆರಪಿಯವರು ಹೋಬಳಿಯಲ್ಲಿ ಸಿಗಲಿಲ್ಲ. ಸಾಸಲಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿಂದ ನಿಮ್ಹಾನ್ಸ್: ಮೂರು ಬಸ್ಸು, ಒಂದು ದಿನ, ಜೊತೆಗೊಬ್ಬರು. ನಡೆಯಲು ಬಾರದವನಿಗೆ ನಮ್ಮ ವ್ಯವಸ್ಥೆ ಹೇಳುವುದು ‘ನಡೆದುಕೊಂಡು ಬಾ’ ಎಂದು.

ಇದು ಗೊತ್ತಿಲ್ಲದ ಸಂಗತಿಯಲ್ಲ. 1990ರ ದಶಕದಲ್ಲಿ ಗೌರಿದೇವಿಯವರ ನೇತೃತ್ವದಲ್ಲಿ ನಿಮ್ಹಾನ್ಸ್ ತಂಡ ಬೆಂಗಳೂರು ನಗರ, ಗ್ರಾಮಾಂತರಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ಸಮೀಕ್ಷೆ ಮಾಡಿತ್ತು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ನರಸಂಬಂಧಿ ಕಾಯಿಲೆಗಳು ನಗರದಲ್ಲಿ ಲಕ್ಷಕ್ಕೆ 2,190 ಇದ್ದರೆ ಹಳ್ಳಿಯಲ್ಲಿ 4,070. ಹೆಚ್ಚುಕಡಿಮೆ ಎರಡರಷ್ಟು. ಕಾಯಿಲೆ ಹಳ್ಳಿಯಲ್ಲಿ, ತಜ್ಞರು ನಗರದಲ್ಲಿ. ನಡುವಿನ ಖಾಲಿ ಜಾಗದಲ್ಲಿ ಕರಪತ್ರ ಹಂಚಲಾಗುತ್ತಿದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯನ್ನು ಶುರುಮಾಡಿದವು. ಮೊದಲ ಹಂತದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಜಯನಗರದ ಆಸ್ಪತ್ರೆಗಳನ್ನು ಆಯ್ದುಕೊಂಡರು. ಒಳ್ಳೆಯ ದಾರಿ ಅದೇ. ಅದು ಜಿಲ್ಲಾ ಆಸ್ಪತ್ರೆಯ ಫಲಕಕ್ಕೆ ನಿಲ್ಲದೆ ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಹಾಲು ಮತ್ತು ಮಾತ್ರೆಯ ಮಾತಾಡುವವರೆಗೆ ಇಳಿಯಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಪಾರ್ಕಿನ್ಸನ್ ರೋಗಿಯ ತಲೆಗೆ ಸುರುಳಿ ಹಿಡಿಯುವ ಮೊದಲು ನರರೋಗ ತಜ್ಞರು ಅವರ ಮಾತ್ರೆಯನ್ನು ಸರಿಪಡಿಸಿರಬೇಕು. ತಲೆಯಲ್ಲಿ ಲೋಹ ಇದೆಯೇ, ಮೂರ್ಛೆರೋಗ ಇತ್ತೇ ಎಂದು ಕೇಳಿರಬೇಕು. ಮೊದಲೂ ಕೊನೆಗೂ ಒಂದೇ ಅಳತೆಪಟ್ಟಿಯಲ್ಲಿ, ಚಿಕಿತ್ಸೆಯಿಂದ ದುಡ್ಡು ಬಾರದ ಯಾರಾದರೂ ಅಳೆಯಬೇಕು. ಜಾಗ, ವೇಗ, ಬಡಿತದ ಲೆಕ್ಕ ರಸೀದಿಯಲ್ಲಿ ಬರೆದಿರಬೇಕು. ಅನಿಶ್ಚಿತವಾದದ್ದನ್ನು ಪ್ರಯೋಗವೆಂದು ಕರೆದು ಪುಕ್ಕಟೆಯಾಗಿ ಮಾಡಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಮತ್ತು ಅದರಲ್ಲಿ ‘ಆಗಬಹುದು, ಆಗದಿರಬಹುದು’ ಎಂಬ ಸಾಲು ಮೊದಲ ಪುಟದಲ್ಲಿರಬೇಕು.

ಕೊನೆಯದ್ದು ನಮ್ಮ ಕೆಲಸ, ಇದನ್ನು ಓದುತ್ತಿರುವವರ ಕೆಲಸ. ನಮ್ಮಲ್ಲಿ ಅನುವಾದದ ಬಗ್ಗೆ ವರ್ಷಕ್ಕೆ ಎಷ್ಟು ವಿಚಾರ ಸಂಕಿರಣ ನಡೆಯುತ್ತವೆ! ಒಂದು ಕವಿತೆಯ ಒಂದು ಪದ ಕನ್ನಡಕ್ಕೆ ಬಂತೇ ಇಲ್ಲವೇ ಎಂದು ಮಧ್ಯಾಹ್ನವೆಲ್ಲ ಜಗಳ ಆಡುತ್ತೇವೆ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ನಾನು ಮಾಡಿದ ಅನುವಾದದ ಮೇಲೆ ಯಾವ ವಿಮರ್ಶೆಯೂ ಬರಲಿಲ್ಲ. ಅನುಮಾನವನ್ನು ಹೇಳಲು ನಮ್ಮ ಭಾಷೆಗೆ ಬಡತನವಿಲ್ಲ. ಬಹುದು, ಇದ್ದೀತು, ಆದೀತು, ಆಗಲಾರದು ಎಂದು ಕ್ರಿಯಾಪದದ ಬಾಲದಲ್ಲೇ ಎಷ್ಟು ಬಗೆಯ ತಕ್ಕಡಿಗಳಿವೆ. ಡಾಕ್ಟರು, ಕ್ಲಿನಿಕ್ಕು, ಮನೆಯ ಓದಿದ ಹುಡುಗ ಎಲ್ಲರೂ ಸೇರಿ ರೋಗಿಯ ಮುಂದೆ ಆ ತಕ್ಕಡಿಯನ್ನು ಬಚ್ಚಿಡುತ್ತೇವೆ, ಅವನಿಗೆ ನೋವಾಗದಿರಲಿ ಎಂದು.

ಮಣಿಕಟ್ಟಿನ ಪಟ್ಟಿ ಬಿಚ್ಚಿದ ದಿನ ದೊಡ್ಡಪ್ಪನಿಗೆ ಆ ನಾಲ್ಕನೇ ಪುಟವನ್ನು ಮತ್ತೆ ಓದಿ ಹೇಳಿದೆ, ಈ ಸಲ ಸರಿಯಾಗಿ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, "ಅಷ್ಟು ಹೇಳಿದ್ರೆ ಒಂದು ಹಸಾನಾದ್ರೂ ಉಳಿಸ್ಕಂತಿದ್ದೆ" ಅಂದರು.